ಮೆತ್ತನೆಯ ಶವರ್ ಟ್ರೇ ನಮ್ಮ ಬಚ್ಚಲಿಗೆ ಹೊಂದುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಕಾಲಿಗೆ ಇದು ತುಂಬಾ ಚೆನ್ನಾಗಿದೆ, ನೀರು ಹರಿಯುವ ವಿಷಯದಲ್ಲಿ ಅಷ್ಟು ಚೆನ್ನಾಗಿಲ್ಲ. ಮೈಸೂರಿನ ನಮ್ಮ ಹಳೆ ಮನೆಯ ಬಚ್ಚಲಿಗೆ ಬಗ್ಗುವ ಪಾಲಿಯುರೆಥೇನ್ ಶವರ್ ಟ್ರೇ ಹಾಕಿಸಿದ ಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿದೆ. ಅಮ್ಮ ದಿನಾ ಅದರ ಮೇಲೇ ಸ್ನಾನ ಮಾಡುತ್ತಾರೆ. ಇಂಥ ಟ್ರೇ ಬಗ್ಗೆ ಆನ್‌ಲೈನಲ್ಲಿ ನಾನು ಓದಿದ ರಿವ್ಯೂಗಳೆಲ್ಲ ಶವರ್ ಕೆಳಗೆ ನಿಂತು ಸ್ನಾನ ಮಾಡುವವರು ಬರೆದದ್ದು. ಸ್ಟೂಲ್ ಮೇಲೆ ಕೂತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ತಲೆ ಮೇಲೆ ಸುರಿದುಕೊಳ್ಳುವವರಿಗೆ ಇದು ಹೇಗಾಗುತ್ತದೆ ಅನ್ನುವುದು ಅವುಗಳಲ್ಲಿ ಇರಲಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಶವರ್ ಟ್ರೇ ನೋಡದವರಿಗೆ ಎರಡು ಮಾತು. ಸ್ನಾನ ಮಾಡುವ ಜಾಗದ ನೆಲದ ಮೇಲೆ ಕೂರಿಸುವ ಅಗಲವಾದ ತಟ್ಟೆ ಇದು. ಅಂಚು ಸ್ವಲ್ಪ ಎತ್ತರ, ನೀರು ಹೋಗಲು ಒಂದು ತೂತು. ಯುರೋಪಿನ ಕಡೆ ಬಚ್ಚಲಿನ ಉಳಿದ ನೆಲ ಒಣಗಿಯೇ ಇರಬೇಕು, ಎಷ್ಟೋ ಮನೆಗಳಲ್ಲಿ ಆ ನೆಲಕ್ಕೆ ನೀರು ಹೋಗುವ ದಾರಿಯೇ ಇರುವುದಿಲ್ಲ, ಹಾಗಾಗಿ ಅಂಥ ಮನೆಗಳಲ್ಲಿ ಟ್ರೇ ಬೇಕಾಗುತ್ತದೆ. ಅಲ್ಲಿ ಹೆಚ್ಚಾಗಿ ಸಿಗುವುದು ಅಕ್ರಿಲಿಕ್, ಸೆರಾಮಿಕ್, ಇಲ್ಲಾ ಕಲ್ಲಿನ ಪುಡಿಗೆ ರೆಸಿನ್ ಸೇರಿಸಿ ಅಚ್ಚು ಹಾಕಿದ್ದು. ಎಲ್ಲವೂ ಗಟ್ಟಿ. ಕಲ್ಲಿನ ಪುಡಿಯದ್ದಾದರೆ 3 ಅಡಿ ಚೌಕದ ಟ್ರೇ 30 ಕೇಜಿ ಆಸುಪಾಸು ಇರುತ್ತದೆ, ಒಬ್ಬರಿಂದ ಎತ್ತಲು ಆಗುವುದಿಲ್ಲ. ಅಕ್ರಿಲಿಕ್ ಹಗುರ, ಆದರೆ ಅಡಿಯಲ್ಲಿ ಎಲ್ಲಾದರೂ ಟೊಳ್ಳು ಉಳಿದರೆ ಕಾಲಿಟ್ಟಾಗ ಕುಗ್ಗುತ್ತದೆ, ಕಡೆಗೆ ಬಿರುಕು ಬಿಡುತ್ತದೆ.

ನಾವು ತಂದ ಟ್ರೇ ಬೇರೆ ಥರ. 900 ಮಿಲಿಮೀಟರ್ ಚೌಕ, 20 ಮಿಲಿಮೀಟರ್ ದಪ್ಪ, 7 ಕೇಜಿ ಚಿಲ್ಲರೆ ತೂಕ. ಚಾಪೆಯ ಹಾಗೆ ಸುತ್ತಿ ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದ್ದರು. ಒಳಗೆ ನೊರೆಯಂಥ ಪಾಲಿಯುರೆಥೇನ್, ಹೊರಗೆ ಅದೇ ವಸ್ತುವಿನ ಬಿಗಿಯಾದ ಚರ್ಮ. ಎರಡೂ ಒಂದೇ ಅಚ್ಚಿನಲ್ಲಿ ಒಟ್ಟಿಗೇ ಆಗುತ್ತವೆ. ಅಚ್ಚಿನ ಗೋಡೆಗೆ ತಾಗಿದ ಕಡೆ ನೊರೆ ಒತ್ತಾಗಿ ಗಟ್ಟಿ ಪದರ ಆಗುತ್ತದೆ, ಒಳಗಡೆ ಹಗುರವಾಗಿ ಉಬ್ಬುತ್ತದೆ. ಕಾರಿನ ಸ್ಟೀರಿಂಗ್ ಹಿಡಿ, ಆಫೀಸ್ ಕುರ್ಚಿಯ ಕೈ ಮಾಡುವುದು ಇದೇ ರೀತಿ. ಸಾಗಣೆ ಸೇರಿ 11,500 ರೂಪಾಯಿ ಆಯಿತು. ಕಡಿಮೆ ಅಲ್ಲ. ಆದರೆ ಬಚ್ಚಲಿನ ಟೈಲ್ಸ್ ಪೂರ್ತಿ ಕಿತ್ತು ಜಾರದ ಟೈಲ್ಸ್ ಹಾಕಿಸಲು ಮೇಸ್ತ್ರಿ ಹೇಳಿದ ಲೆಕ್ಕ ಇದರ ಎಷ್ಟೋ ಪಟ್ಟು, ಜೊತೆಗೆ ಅಷ್ಟು ದಿನ ಬಚ್ಚಲೇ ಇಲ್ಲ. ವಯಸ್ಸಾದವರಿರುವ ಮನೆಯಲ್ಲಿ ಅದು ಆಗುವ ಮಾತಲ್ಲ ಅಲ್ವಾ.

ಒಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸುತ್ತಿ ಬಂದ ಟ್ರೇ ಬಿಚ್ಚಿದ ತಕ್ಷಣ ಚಪ್ಪಟೆ ಆಗುವುದಿಲ್ಲ, ಅಂಚು ಮೇಲೇಳುತ್ತದೆ. ಬಿಸಿಲಿಗೆ ಹಾಕಿ ಅಂತ ಅಂಗಡಿಯವರು ಹೇಳಿದರು. ಹಾಕಬೇಡಿ. ಸಾಮಾನ್ಯ ಪಾಲಿಯುರೆಥೇನ್ ಬಿಸಿಲಿಗೆ ಹಳದಿ ತಿರುಗುತ್ತದೆ. ಬೆಚ್ಚಗಿರುವ ಕೋಣೆಯಲ್ಲಿ ಮಗುಚಿ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು ಒಂದು ರಾತ್ರಿ ಬಿಟ್ಟರೆ ಸಾಕು.

ಇನ್ನು ಕೂರಿಸುವ ವಿಷಯ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬರೆದಿರುವುದು ಇದನ್ನೇ: ಯಾರು ಬೇಕಾದರೂ ಕೂರಿಸಬಹುದು, ಹಳೆ ನೆಲದ ಮೇಲೇ ಹಾಸಬಹುದು, ಏನೂ ಒಡೆಯಬೇಕಾಗಿಲ್ಲ. ಅರ್ಧ ನಿಜ. ಕತ್ತರಿಸುವುದು ನಿಜಕ್ಕೂ ಸುಲಭ. ಬ್ಲೇಡ್ ಕಟ್ಟರ್ ಮತ್ತು ಕಬ್ಬಿಣದ ಸ್ಕೇಲ್ ಸಾಕು. ನಮ್ಮ ಬಚ್ಚಲಿನ ಎರಡು ಗೋಡೆ ಸರಿಯಾದ ಮೂಲೆಮಟ್ಟದಲ್ಲಿ ಇಲ್ಲ, ಹಳೆ ಮನೆಗಳಲ್ಲಿ ಇದು ಮಾಮೂಲು, ಗಟ್ಟಿ ಟ್ರೇ ಆಗಿದ್ದರೆ ಒಂದು ಕಡೆ ಬೆರಳು ತೂರುವಷ್ಟು ಸಂದಿ ಉಳಿಯುತ್ತಿತ್ತು, ಇದನ್ನು ಓರೆಯಾಗಿ ಸವರಿದ್ದಕ್ಕೆ ಗೋಡೆಗೆ ಅಂಟಿ ಕೂತಿತು. ನೀರು ಹೋಗುವ ತೂತನ್ನು ಪ್ಲಂಬರ್ ಹೋಲ್ ಸಾ ಹಾಕಿ ಬೇಗನೇ ಕೊರೆದರು. ಕತ್ತರಿಸಿದ ಕಡೆ ಒಳಗಿನ ನೊರೆ ಕಾಣುತ್ತದೆ, ಅದಕ್ಕೆ ಟ್ರೇ ಜೊತೆ ಕೊಟ್ಟ ಸೀಲೆಂಟ್ ಬಳಿಯಬೇಕು. ಇಷ್ಟು ಮಾಡದೆ ಬಿಟ್ಟರೆ ನೀರು ಒಳಗೆ ಸೇರುತ್ತದೆ, ಆಮೇಲೆ ಒಣಗಿಸುವ ದಾರಿಯೇ ಇಲ್ಲ.

ಕಷ್ಟ ಇರುವುದು ವಾಟದಲ್ಲಿ, ಅಂದರೆ ನೀರು ಹರಿಯಲು ಕೊಡುವ ಇಳಿಜಾರಿನಲ್ಲಿ.

ಗಟ್ಟಿ ಟ್ರೇಗೆ ಅದರದ್ದೇ ವಾಟ ಇರುತ್ತದೆ. ಅಡಿಭಾಗ ಚಪ್ಪಟೆ, ಮೇಲ್ಭಾಗ ತೂತಿನ ಕಡೆಗೆ ಇಳಿಜಾರು. ಬಗ್ಗುವ ಟ್ರೇ ಹಾಗಲ್ಲ. ನಮ್ಮ ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿದ ಕೂಡಲೇ ಹೇಳಿದರು, "ಮೇಡಂ, ಇದಕ್ಕೆ ಸ್ವಂತ ವಾಟ ಇಲ್ಲ. ನೆಲದ ವಾಟಾನೇ ಇದರ ವಾಟ." ಅವರ ಮಾತು ಸರಿಯಾಗಿತ್ತು. ಹಾಸಿ ನೀರು ಬಿಟ್ಟಾಗ, ಹಳೆ ಟೈಲ್ಸ್ ಸ್ವಲ್ಪ ಕುಸಿದಿದ್ದ ಜಾಗದಲ್ಲೇ ಟ್ರೇ ಕೂಡ ತಗ್ಗಾಗಿ, ಅಂಗೈ ಅಗಲ ನೀರು ನಿಂತಿತು. ಟೈಲ್ಸ್ ಮೇಲೆ ನೀರು ನಿಂತರೆ ಅಷ್ಟು ಗೊತ್ತಾಗುತ್ತಿರಲಿಲ್ಲ, ಟ್ರೇ ಮೇಲೆ ನಿಂತ ನೀರು ಸಂಜೆ ತನಕ ಒಣಗಲಿಲ್ಲ. ಟ್ರೇ ತೆಗೆದು, ಆ ತಗ್ಗಿಗೆ ಟೈಲ್ ಅಡೆಸಿವ್ ತುಂಬಿ ಸಮ ಮಾಡಿ, ಮರುದಿನ ಮತ್ತೆ ಹಾಸಿದರು. ಆಮೇಲೆ ಸರಿಹೋಯಿತು. ಅಂದರೆ ಮೇಸ್ತ್ರಿ ಬೇಕೇ ಬೇಕಾಯಿತು. ಸುಮ್ನೆ ಹಾಸಿಬಿಡಬಹುದು ಅನ್ನುವ ಮಾತು ನೆಲ ಚೊಕ್ಕವಾಗಿದ್ದ ಮನೆಗೆ ಮಾತ್ರ.

ಮಧ್ಯದಲ್ಲಿ ತೂತು ಇರುವ, ಮೇಲೆ ತೆಳ್ಳಗೆ ಇಳಿಜಾರು ಕೊಟ್ಟಿರುವ ಇನ್ನೊಂದು ಮಾಡೆಲ್ಲೂ ಇತ್ತು. ಅಂಗಡಿಯವರು ಅದನ್ನೇ ತಗೊಳ್ಳಿ ಅಂದರು. ಅದನ್ನು ಯಾಕೆ ಬಿಟ್ಟೆವು ಅಂದರೆ, ನಮ್ಮ ಕಡೆ ಬಚ್ಚಲಿನ ನೆಲ ಸಾಮಾನ್ಯವಾಗಿ ಒಂದು ಮೂಲೆಗೆ, ನೀರು ಹೊರಗೆ ಹೋಗುವ ಜಾಲರಿಯ ಕುಳಿ, ಅಂದರೆ ನಹಾನಿ ಟ್ರ್ಯಾಪ್ ಇರುವ ಕಡೆಗೆ ಇಳಿಯುತ್ತದೆ. ಟ್ರೇ ಇಳಿಯುವುದು ತನ್ನ ನಡುವಿಗೆ. 80ಕ್ಕೆ 1 ವಾಟ ಅಂದರೆ ಅಂಚಿನಿಂದ ನಡುವಿನ ತನಕ, 450 ಮಿಲಿಮೀಟರಿಗೆ, ಇಳಿಯುವುದು 5-6 ಮಿಲಿಮೀಟರ್ ಅಷ್ಟೇ. ಕೆಳಗಿನ ನೆಲ ಅದೇ ದೂರಕ್ಕೆ ಅಷ್ಟೇ ಎತ್ತರ ಎದುರು ದಿಕ್ಕಿಗೆ ಇಳಿದರೆ ಎರಡೂ ಹೊಡೆದುಕೊಂಡು ಹೋಗುತ್ತವೆ. ಟ್ರೇಯ ಅರ್ಧ ಭಾಗದಲ್ಲಿ ನೀರು ಎತ್ತಲೂ ಹರಿಯದೆ ನಿಲ್ಲುತ್ತದೆ. ಇದು ಯಾವ ಕಂಪನಿಯ ತಪ್ಪೂ ಅಲ್ಲ, ಮಟ್ಟವಾದ ನೆಲ ಇದೆ ಅಂದುಕೊಂಡು ಮಾಡಿದ ವಿನ್ಯಾಸ ಅದು. ನಮ್ಮ ನೆಲಕ್ಕೆ ಎಲ್ಲ ಕಡೆ ಒಂದೇ ದಪ್ಪ ಇರುವ, ತೂತು ನಾವೇ ಕೊರೆಯುವ ಟ್ರೇಯೇ ಸರಿ.

ನನ್ನ ಪ್ರಕಾರ ಇದನ್ನು ಮಾಡುವವರು ಯೋಚಿಸಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಕಾಲಿಗೆ ಮೆತ್ತಗಿರುವುದು ಒಂದು ಕೆಲಸ, ನೀರನ್ನು ಒಂದು ಕಡೆ ಕಳಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಮೆತ್ತನೆಯ ಹಾಳೆಯಿಂದ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ. ಅಡಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಓರೆ ತುಂಡುಗಳನ್ನು ಕೊಡಲಿ, ಬೇಕಾದ ದಿಕ್ಕಿಗೆ ಜೋಡಿಸಿಕೊಂಡು ವಾಟ ಮಾಡಿಕೊಳ್ಳುವ ಹಾಗೆ. ಮೇಲೆ ತೆಳ್ಳನೆಯ ಮೆತ್ತನೆ ಹೊದಿಕೆ ಇರಲಿ. ಸವೆದಾಗ ಹೊದಿಕೆ ಮಾತ್ರ ಬದಲಾಯಿಸಬಹುದು. ಸಾಗಣೆಗೂ ಸುಲಭ. ಇಷ್ಟು ಮಾಡಿದರೆ ಮೇಸ್ತ್ರಿ ಇಲ್ಲದೆಯೂ ಕೂರಿಸಬಹುದು ಅನ್ನುವ ಮಾತಿಗೆ ಅರ್ಥ ಬರುತ್ತದೆ.

ಈಗ ಕಾಲಿನ ವಿಷಯ, ಅದರಲ್ಲಿ ನನಗೆ ನಿಜವಾಗಲೂ ಖುಷಿ ಇದೆ. ಡಿಸೆಂಬರ್ ಬೆಳಿಗ್ಗೆ ಟೈಲ್ಸ್ ಮೇಲೆ ಕಾಲಿಟ್ಟರೆ ಜುಮ್ ಅನ್ನುತ್ತದೆ, ಟೈಲ್ಸ್ ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಈ ಟ್ರೇ ಒಳಗಡೆ ಗಾಳಿ ತುಂಬಿದ ನೊರೆ, ಬಿಸಿ ಎಳೆಯುವುದಿಲ್ಲ, ಹಾಗಾಗಿ ತಣ್ಣಗೆ ಅನ್ನಿಸುವುದೇ ಇಲ್ಲ. ಅಮ್ಮ ಮೊದಲ ದಿನವೇ ಹೇಳಿದ್ದು ಇದನ್ನೇ. ಮಂಡಿ ನೋವಿರುವವರಿಗೆ ನಿಂತು ಸೀರೆ ಉಟ್ಟುಕೊಳ್ಳುವಾಗಲೂ ಹಿತ. ಚೊಂಬು ಕೈಜಾರಿ ಬಿದ್ದರೆ ಸದ್ದೂ ಇಲ್ಲ, ನೆಲಕ್ಕೆ ಪೆಟ್ಟೂ ಇಲ್ಲ.

ಆದರೆ ಮೆತ್ತಗೆ ಅಂದರೆ ಎಷ್ಟು ಮೆತ್ತಗೆ? ಜಾಸ್ತಿ ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಫಿಸಿಯೋಥೆರಪಿಯವರು ಒಬ್ಬರ ಸಮತೋಲ ಪರೀಕ್ಷಿಸಲು ದಪ್ಪ ಫೋಮ್ ಮೇಲೆ ನಿಲ್ಲಿಸುತ್ತಾರೆ, ಯಾಕಂದ್ರೆ ಫೋಮ್ ಮೇಲೆ ನಿಂತಾಗ ಪಾದಕ್ಕೆ ನೆಲ ಎಲ್ಲಿದೆ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ, ಮೈ ಓಲಾಡುತ್ತದೆ. ಬಚ್ಚಲಿನಲ್ಲಿ ಅದೇ ಆದರೆ ಬೀಳುವುದನ್ನು ತಪ್ಪಿಸಲು ತಂದ ವಸ್ತುವೇ ಬೀಳಿಸುತ್ತದೆ. ನಮ್ಮ ಟ್ರೇ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಎರಡು ಮೂರು ಮಿಲಿಮೀಟರ್ ಒಳಗೆ ಹೋಗುತ್ತದೆ, ಅಷ್ಟೇ. ಅದು ಸರಿಯಾದ ಹದ. ಅಂಗಡಿಯಲ್ಲಿ ತೋರಿಸಿದ ಇನ್ನೊಂದು, ಯೋಗ ಮ್ಯಾಟ್ ಎರಡು ಒಂದರ ಮೇಲೊಂದು ಇಟ್ಟಷ್ಟು ಮೆತ್ತಗಿತ್ತು, ನಿಂತು ನೋಡಿದರೆ ಹಿತವೇ, ಆದರೆ ಒಂದು ಕಾಲೆತ್ತಿ ಪಾದ ತೊಳೆಯುವ ಹಾಗೆ ನಿಂತಾಗ ಇನ್ನೊಂದು ಕಾಲು ಅಲುಗಿತು. ಖರೀದಿಗೆ ಮೊದಲು ನೀವೂ ಹೀಗೇ ನಿಂತು ನೋಡಿ, ಪಕ್ಕದಲ್ಲಿ ಯಾರಾದರೂ ಹಿಡಿದುಕೊಳ್ಳಲಿ.

ಸ್ಟೂಲ್ ಇಡುವವರು ಇನ್ನೂ ಹುಷಾರಾಗಿರಬೇಕು. ಪ್ಲಾಸ್ಟಿಕ್ ಸ್ಟೂಲಿನ ಕಾಲು ಸಣ್ಣ, ಕೂತವರ ಭಾರವೆಲ್ಲ ಆ ನಾಲ್ಕು ಜಾಗಕ್ಕೇ ಬೀಳುತ್ತದೆ, ಟ್ರೇಯಲ್ಲಿ ಗುಳಿ ಬೀಳುತ್ತದೆ. ಎದ್ದ ಮೇಲೆ ಗುಳಿ ತುಂಬಿಕೊಳ್ಳುತ್ತದೆ, ಆದರೆ ದಿನಾ ಅದೇ ಜಾಗದಲ್ಲಿ ಇಟ್ಟರೆ ಪೂರ್ತಿ ತುಂಬುವುದಿಲ್ಲ. ನಮ್ಮಲ್ಲಿ ನಾಲ್ಕು ಸಣ್ಣ ಗುರುತು ಉಳಿದಿವೆ. ಈಗ ಸ್ಟೂಲಿನ ಕಾಲಿಗೆ ಅಗಲವಾದ ರಬ್ಬರ್ ಬುಡ ಹಾಕಿದ್ದೇವೆ. ಬೂದು ಬಣ್ಣದ್ದು ಹುಡುಕಿ ತನ್ನಿ, ಕಪ್ಪು ರಬ್ಬರ್ ಇಂಥ ತಿಳಿ ಬಣ್ಣದ ಮೇಲೆ ಕಲೆ ಬಿಡಬಹುದು.

ಜಾರುವ ಬಗ್ಗೆ. ಅಂಗಡಿಯಲ್ಲಿ ಆರ್10, ಆರ್11 ಅಂತ ಹೇಳುತ್ತಾರೆ. ಅದು ಚಪ್ಪಲಿ-ಶೂ ಹಾಕಿಕೊಂಡು, ಎಣ್ಣೆ ಹಚ್ಚಿದ ಇಳಿಜಾರಿನಲ್ಲಿ ನಡೆದು ಅಳೆಯುವ ಲೆಕ್ಕ, ಕಾರ್ಖಾನೆ ಹೋಟೆಲ್ ಅಡುಗೆಮನೆಗೆ ಸರಿ. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಜರ್ಮನಿಯ ಡಿಐಎನ್ 51097 ಅನ್ನುವ ಮಾನದಂಡದಲ್ಲಿ ಇದ್ದದ್ದು, ಈಗ ಯುರೋಪಿನ ಇಎನ್ 16165ರಲ್ಲಿ ಸೇರಿದೆ. ಸೋಪಿನ ನೀರು ಬಿಟ್ಟ ಇಳಿಜಾರಿನ ಮೇಲೆ ಬರಿಗಾಲಲ್ಲಿ ನಡೆಸುತ್ತಾರೆ. 12 ಡಿಗ್ರಿ ತನಕ ಜಾರದಿದ್ದರೆ ಎ, 18 ಡಿಗ್ರಿಗೆ ಬಿ, 24 ಡಿಗ್ರಿಗೆ ಸಿ. ಸ್ನಾನದ ಜಾಗಕ್ಕೆ ಕೇಳಬೇಕಾದದ್ದು ಬಿ ಅಥವಾ ಸಿ. ನಮ್ಮ ಟ್ರೇ ಪೆಟ್ಟಿಗೆ ಮೇಲೆ ಸಿ ಅಂತ ಬರೆದಿತ್ತು, ಬಳಸುವಾಗಲೂ ಅದು ಸುಳ್ಳು ಅನ್ನಿಸಲಿಲ್ಲ.

ಆದರೆ ಆ ಪರೀಕ್ಷೆಯಲ್ಲಿ ಎಣ್ಣೆ ಸ್ನಾನ ಇಲ್ಲ! ನಮ್ಮ ಮನೆಯಲ್ಲಿ ಇದೆ. ದೀಪಾವಳಿಗೆ ನೀರು ತುಂಬಿ ಎಣ್ಣೆ ಹಚ್ಚಿಕೊಂಡು ಕೂರುವುದು ಬಿಡುವ ಮಾತೇ ಇಲ್ಲ, ಬೇರೆ ದಿನಗಳಲ್ಲೂ ಅಮ್ಮ ಹರಳೆಣ್ಣೆ ಹಚ್ಚಿ ಸೀಗೆಪುಡಿ ಹಾಕಿ ತಲೆ ತೊಳೆದುಕೊಳ್ಳುತ್ತಾರೆ. ಟೈಲ್ಸ್ ಮೇಲೆ ಎಣ್ಣೆ ನೀರು ಅಂದರೆ ಭಯ ಆಗುತ್ತಿತ್ತು. ಟ್ರೇ ಮೇಲೆ ಹಿಡಿತ ಕಡಿಮೆ ಆಗುತ್ತದೆ, ಆದರೆ ಟೈಲ್ಸಿನ ಹಾಗೆ ಒಮ್ಮೆಲೇ ಜಾರುವುದಿಲ್ಲ, ಪಾದ ಸ್ವಲ್ಪ ಒಳಗೆ ಕೂತಿರುವುದರಿಂದ ಇರಬೇಕು. ಸೀಗೆಪುಡಿ ಮತ್ತು ಕಡಲೆಹಿಟ್ಟು ಮಾತ್ರ ಮೇಲಿನ ಸಣ್ಣ ಗೀರುಗಳಲ್ಲಿ ಸೇರಿಕೊಳ್ಳುತ್ತವೆ, ಬ್ರಷ್ ಹಾಕಿ ಉಜ್ಜಲೇಬೇಕು. ಗೀರಿನ ಬದಲು ಅಗಲವಾದ, ಎತ್ತರ ಕಡಿಮೆ ಇರುವ ಉಬ್ಬುಗಳಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಇನ್ನೊಂದು, ಸಾಮಾನ್ಯ ರಬ್ಬರಿನ ಟ್ರೇ, ಮ್ಯಾಟ್ ತರುವವರು ನೆನಪಿಡಿ: ಕೊಬ್ಬರಿ ಎಣ್ಣೆಯಂಥದ್ದು ದಿನಾ ಬಿದ್ದರೆ ನೈಸರ್ಗಿಕ ರಬ್ಬರ್ ಹಾಳಾಗುತ್ತಾ ಹೋಗುತ್ತದೆ. ಎಣ್ಣೆ ಸ್ನಾನದ ಮನೆಗೆ ಪಾಲಿಯುರೆಥೇನ್ ವಾಸಿ.

ನೀರು ಹೋಗುವ ತೂತು ನನಗೆ ಸಮಾಧಾನ ಕೊಡದ ಭಾಗ. ಟ್ರೇ ಜೊತೆ ಕೊಟ್ಟ ಜಾಲರಿ 90 ಮಿಲಿಮೀಟರಿನದು, ಯುರೋಪಿನ ಎಷ್ಟೋ ಟ್ರೇಗಳಿಗೆ ಇದೇ ಅಳತೆ. ನಮ್ಮ ನಹಾನಿ ಟ್ರ್ಯಾಪಿನ ಜಾಲರಿ 5-6 ಇಂಚು ಇರುತ್ತದೆ. ಶವರ್ ಕೆಳಗೆ ನಿಂತರೆ ನೀರು ಸಮವಾಗಿ ಬೀಳುತ್ತದೆ, 90 ಮಿಲಿಮೀಟರ್ ಸಾಕು. ಕಡೇ ಅರ್ಧ ಬಕೆಟ್ ನೀರನ್ನು ಎತ್ತಿ ಒಟ್ಟಿಗೇ ಸುರಿದುಕೊಂಡರೆ? ಅದರ ಜೊತೆಗೆ ಸೀಗೆಪುಡಿ, ಉದುರಿದ ಕೂದಲು. ಅಂಚಿನ ತನಕ ನೀರು ತುಂಬಿ ಆಚೆ ಹೋಗುತ್ತದೆ. ಕೊನೆಗೆ ಪ್ಲಂಬರ್ ತೂತನ್ನು ದೊಡ್ಡದು ಮಾಡಿ ನಮ್ಮ ಹಳೆ ಸ್ಟೀಲ್ ಜಾಲರಿಯನ್ನೇ ಕೂರಿಸಿದರು. ಈಗ ತೊಂದರೆ ಇಲ್ಲ. ಇಲ್ಲಿ ಮಾರುವವರು ಇಲ್ಲಿನ ಜಾಲರಿ ಅಳತೆಗೇ ಗುರುತು ಹಾಕಿ ಕೊಡುವುದು ಅಂಥ ಕಷ್ಟದ ಕೆಲಸ ಅಲ್ಲ.

ಆಚೆ ಹೋದ ನೀರಿನದ್ದೂ ಒಂದು ಪ್ರಶ್ನೆ ಇದೆ. ನಮ್ಮ ಬಚ್ಚಲಿನಲ್ಲಿ ಟ್ರ್ಯಾಪ್ ಒಂದೇ, ಅದು ಟ್ರೇ ಅಡಿಗೆ ಹೋಯಿತು. ನಲ್ಲಿ ಕೆಳಗೆ ಬಟ್ಟೆ ಒಗೆದ ನೀರು, ಬಕೆಟ್ ತುಂಬಿ ಚೆಲ್ಲಿದ ನೀರು, ಎಲ್ಲವೂ ಹೊರಗೆ. ಅಂಗಡಿಯವರು ಸುತ್ತಲೂ ಸಿಲಿಕಾನ್ ಹಚ್ಚಿ ಮುಚ್ಚಿ ಅಂದರು. ಮುಚ್ಚಿದರೆ ಹೊರಗಿನ ನೀರಿಗೆ ದಾರಿ ಇಲ್ಲ. ಮುಚ್ಚದಿದ್ದರೆ ಅದು ಟ್ರೇ ಅಡಿಯಿಂದ ಹೋಗುತ್ತದೆ, ಅಡಿಯಲ್ಲಿ ಬೆಳಕಿಲ್ಲ ಗಾಳಿಯಿಲ್ಲ, ಲೋಳೆ ಕಟ್ಟುತ್ತದೆ, ವಾಸನೆ ಬರುತ್ತದೆ. ನಾವು ಗೋಡೆ ಕಡೆಯ ಎರಡು ಅಂಚು ಮಾತ್ರ ಅಂಟಿಸಿ, ಬಾಗಿಲ ಕಡೆಯ ಎರಡು ಅಂಚು ಬಿಟ್ಟಿದ್ದೇವೆ. ಅಡಿಯಲ್ಲಿ ಸಣ್ಣ ಕಾಲುಗಳಿರುವುದರಿಂದ ನೀರು ಸರಾಗವಾಗಿ ಹೋಗುತ್ತದೆ. ವಾರಕ್ಕೊಮ್ಮೆ ಆ ಕಡೆಯಿಂದ ಅರ್ಧ ಮಡಚಿ, ಉಜ್ಜಿ, ಮಧ್ಯಾಹ್ನ ತನಕ ಹಾಗೇ ಬಿಟ್ಟು ಒಣಗಿಸುತ್ತೇವೆ. ಗಟ್ಟಿ ಟ್ರೇಯಲ್ಲಿ ಇದು ಸಾಧ್ಯವೇ ಇಲ್ಲ, ಬಗ್ಗುವ ವಸ್ತುವಿನ ನಿಜವಾದ ಲಾಭ ನನಗೆ ಕಂಡದ್ದು ಇಲ್ಲಿ. ಆದರೆ ಈ ಕೆಲಸ ಅಮ್ಮ ಒಬ್ಬರೇ ಮಾಡಲಾರರು. ವಯಸ್ಸಾದವರಷ್ಟೇ ಇರುವ ಮನೆಗೆ ಹಾಕಿಸುವುದಾದರೆ, ವಾರಕ್ಕೊಮ್ಮೆ ಬಂದು ಎತ್ತುವವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಗೋಡೆ ಕಡೆಯ ಅಂಟು ಒಂದು ಕಡೆ ಬಿಟ್ಟುಕೊಂಡಿತು. ಕಾಲಿಟ್ಟಾಗಲೆಲ್ಲ ಟ್ರೇ ಸ್ವಲ್ಪ ಕುಗ್ಗುತ್ತದೆ, ಗೋಡೆ ಅಲ್ಲಾಡುವುದಿಲ್ಲ, ನಡುವಿನ ತೆಳು ಸಿಲಿಕಾನ್ ಎಷ್ಟು ದಿನ ತಾಳೀತು? ಎರಡನೇ ಸಲ ಪ್ಲಂಬರ್ 6 ಮಿಲಿಮೀಟರ್ ಸಂದಿ ಬಿಟ್ಟು, ಸಿಲಿಕಾನ್ ಬದಲು ಪಿಯು, ಅಂದರೆ ಪಾಲಿಯುರೆಥೇನ್ ಸೀಲೆಂಟ್ ಹಾಕಿದರು, ಹಾಕುವಾಗ ಟ್ರೇ ಮೇಲೆ ನೀರು ತುಂಬಿದ ಎರಡು ಬಕೆಟ್ ಇಟ್ಟಿದ್ದರು, ಕುಗ್ಗಿದ ಸ್ಥಿತಿಯಲ್ಲೇ ಅಂಟು ಒಣಗಲಿ ಅಂತ. ಅಲ್ಲಿಂದ ಬಿಟ್ಟಿಲ್ಲ. ಈ ಬಕೆಟ್ ಉಪಾಯವನ್ನು ಯಾವ ಟ್ರೇ ಹಾಕಿಸಿದರೂ ಮಾಡಿ.

ಬಾಳಿಕೆ ಬಗ್ಗೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳಿ: ಇದು ಪಾಲಿಎಸ್ಟರ್ ಮೂಲದ ಪಾಲಿಯುರೆಥೇನಾ, ಪಾಲಿಈಥರ್ ಮೂಲದ್ದಾ? ಬೀರುವಿನಲ್ಲಿ ಇಟ್ಟ ಒಳ್ಳೆ ಶೂ ಕೆಲವು ವರ್ಷ ಬಿಟ್ಟು ತೆಗೆದರೆ ಅಟ್ಟೆ ಪುಡಿಪುಡಿಯಾಗಿ ಉದುರುವುದನ್ನು ನೋಡಿರುತ್ತೀರಿ. ಅದು ಪಾಲಿಎಸ್ಟರ್ ಮೂಲದ್ದು, ಗಾಳಿಯ ತೇವಕ್ಕೇ ಒಳಗೊಳಗೆ ಮುರಿಯುತ್ತದೆ. ದಿನಾ ಬಿಸಿನೀರು ಬೀಳುವ ಬಚ್ಚಲಿಗೆ ಪಾಲಿಈಥರ್ ಮೂಲದ್ದೇ ಬೇಕು, ಅದು ನೀರಿಗೆ ತಾಳುತ್ತದೆ. ನಾನು ಕೇಳಿದಾಗ ಅಂಗಡಿಯ ಹುಡುಗನಿಗೆ ಗೊತ್ತಿರಲಿಲ್ಲ, ತಯಾರಕರಿಗೆ ಫೋನ್ ಮಾಡಿ ಕೇಳಿ ಹೇಳಿದ. ಆ ಒಂದು ಕೆಲಸಕ್ಕೆ ಅವನಿಗೆ ಪೂರ್ತಿ ಅಂಕ.

ನಮ್ಮದು ಬೋರ್ ನೀರು, ಗಡಸು. ಟೈಲ್ಸ್ ಮೇಲೆ ಬಿಳಿ ಪದರ ಕಟ್ಟಿದರೆ ಆಸಿಡ್ ಹಾಕದೆ ಹೋಗುತ್ತಿರಲಿಲ್ಲ. ಟ್ರೇ ಮೇಲೂ ಬಿಳಿ ಕಟ್ಟುತ್ತದೆ, ಆದರೆ ಮಡಚಿದಾಗ ಆ ಪದರ ತಾನೇ ಬಿರುಕು ಬಿಟ್ಟು ಉದುರುತ್ತದೆ. ಶವರ್ ತಲೆಯ ರಬ್ಬರ್ ತೊಟ್ಟುಗಳನ್ನು ಬೆರಳಲ್ಲಿ ಉಜ್ಜಿದರೆ ಕಟ್ಟಿಕೊಂಡ ಸುಣ್ಣ ಬೀಳುವುದೂ ಇದೇ ಕಾರಣಕ್ಕೆ. ಉಳಿದದ್ದಕ್ಕೆ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಸಾಕು. ಆಸಿಡ್, ಬ್ಲೀಚಿಂಗ್ ಪುಡಿ ಬೇಡವೇ ಬೇಡ, ಮೇಲಿನ ಚರ್ಮ ಹಾಳಾದರೆ ನೀರು ಒಳಗೆ ಹೋಗುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಮರೆಯದೆ ಹೇಳಬೇಕು, ಬಚ್ಚಲು ಅಂದರೆ ಆಸಿಡ್ ಅನ್ನುವುದು ಅವರಿಗೆ ರೂಢಿ.

ಕೆಲವು ನೂರು ರೂಪಾಯಿಯ, ಅಡಿಯಲ್ಲಿ ಸಕ್ಷನ್ ಕಪ್ ಇರುವ ಮ್ಯಾಟ್ ಇದೆಯಲ್ಲ, ಅದು ಸಾಲದಾ ಅಂತ ಕೇಳುವವರಿಗೆ: ನುಣುಪು ಟೈಲ್ಸ್ ಮೇಲೆ ಸ್ವಲ್ಪ ದಿನ ಹಿಡಿಯುತ್ತದೆ, ತರಿತರಿ ಟೈಲ್ಸ್ ಮೇಲೆ ಹಿಡಿಯುವುದೇ ಇಲ್ಲ, ಮ್ಯಾಟೇ ಜಾರಿದರೆ ಬರಿ ನೆಲಕ್ಕಿಂತ ಅಪಾಯ. ಹಾಗೆಯೇ ಗೋಡೆಗೆ ಹಿಡಿ ಹಾಕಿಸದೆ ಟ್ರೇ ಒಂದನ್ನೇ ನಂಬಬೇಡಿ. ನಾವು ಟ್ರೇ ಹಾಕಿದ ದಿನವೇ ಸ್ಟೂಲಿನ ಪಕ್ಕಕ್ಕೆ ಒಂದು, ಬಾಗಿಲ ಪಕ್ಕಕ್ಕೆ ಒಂದು ಸ್ಟೀಲ್ ಹಿಡಿ ಹಾಕಿಸಿದೆವು. ಟ್ರೇಯ ಅಂಚು ದಾಟುವಾಗ ಅಮ್ಮನಿಗೆ ಕೈಗೆ ಸಿಗುವುದು ಅದೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಲಿನ ಹಿತಕ್ಕೆ, ಜಾರದಿರುವುದಕ್ಕೆ ಪೂರ್ತಿ. ಕಳೆದದ್ದು ವಾಟಕ್ಕೆ ಮತ್ತು ಜಾಲರಿಗೆ. ತರಿಸುವ ಮೊದಲು ಎರಡು ಕೆಲಸ ಮಾಡಿ: ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ಎಲ್ಲೆಲ್ಲಿ ನಿಂತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಟ್ರ್ಯಾಪಿನ ನಡುವಿನಿಂದ ಎರಡೂ ಗೋಡೆಗೆ ಎಷ್ಟು ದೂರ ಅಂತ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಯವರು ಕೇಳದಿದ್ದರೂ ಆ ಚೀಟಿ ತೋರಿಸಿಯೇ ಆರ್ಡರ್ ಕೊಡಿ.